ಎರಡು ಟಕ್ ಸದ್ದು

ಟಕ್. ಟಕ್.

ತಿಪಟೂರಿನ ನಮ್ಮನೆಯಲ್ಲಿ ಬೆಳಗ್ಗೆ ಆರೂಕಾಲಿಗೆ ಈ ಎರಡು ಸದ್ದು ಕೇಳಿಸಿತು ಅಂದರೆ ಅಕ್ಕ ಎದ್ದು ನಿಂತಳು ಅಂತ ಲೆಕ್ಕ. ಅವಳ ಬಲಗಾಲಿನ ಕ್ಯಾಲಿಪರ್‌ಗೆ ಮಂಡಿಯ ಹತ್ತಿರ ಎರಡೂ ಪಕ್ಕ ಒಂದೊಂದು ಉಕ್ಕಿನ ಉಂಗುರ ಇತ್ತು. ಕಾಲು ನೆಟ್ಟಗೆ ಮಾಡಿ ನಿಂತರೆ ಉಂಗುರ ಕೆಳಗೆ ಜಾರಿ ಕೀಲನ್ನು ಬಿಗಿಹಿಡಿಯುತ್ತಿತ್ತು. ಆಮೇಲೆ ಮಂಡಿ ಮಡಚೋ ಹಾಗಿಲ್ಲ, ಕಾಲು ಕುಸಿಯೋ ಭಯವೂ ಇಲ್ಲ. ಕೂರಬೇಕಾದರೆ ಬಗ್ಗಿ ಎರಡೂ ಉಂಗುರಗಳನ್ನು ಬೆರಳಲ್ಲಿ ಮೇಲಕ್ಕೆತ್ತಬೇಕು. ನಾನು ಚಿಕ್ಕವನಿದ್ದಾಗ ಆ ಕೆಲಸ ನನ್ನದಾಗಿತ್ತು. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕನಿಗೆ ನಾನು ಮಾಡುತ್ತಿದ್ದ ಏಕೈಕ ಸೇವೆ ಅದು. ಸಂಬಳ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ.

ಅಕ್ಕ ಹುಟ್ಟಿದ್ದು 1974ರಲ್ಲಿ. 14 ತಿಂಗಳ ಮಗುವಾಗಿದ್ದಾಗ ಜ್ವರ ಬಂತು. ನಾಲ್ಕು ದಿನಕ್ಕೆ ಜ್ವರ ಇಳಿಯಿತು, ಕಾಲು ಏಳಲಿಲ್ಲ. ಬಲಗಾಲು ಪೂರ್ತಿ, ಎಡಗಾಲು ಮಂಡಿಯಿಂದ ಕೆಳಗೆ. ಸರ್ಕಾರದ ಲಸಿಕೆ ಕಾರ್ಯಕ್ರಮ ಶುರುವಾಗಿದ್ದು 1978ರಲ್ಲಿ, ಅದಕ್ಕೆ ಪೋಲಿಯೋ ಹನಿ ಸೇರಿದ್ದು ಅದರ ಮರುವರ್ಷ. 'ನಾನೇ ಸ್ವಲ್ಪ ಅವಸರ ಮಾಡ್ಕೊಂಡು ಹುಟ್ಟಿಬಿಟ್ಟೆ' ಅಂತಾಳೆ. ದೇಶದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಅಂತ ಘೋಷಣೆಯಾದ ದಿನ ಅಕ್ಕ ನನಗೊಂದು ಮೆಸೇಜ್ ಕಳಿಸಿದ್ದಳು: 'ಇವತ್ತಿಂದ ನಾನು ಹಳೇ ಮಾಡೆಲ್. ಸ್ಪೇರ್ ಪಾರ್ಟ್ ಸಿಗಲ್ಲ.'

ಆವತ್ತು ಓದಿ ನಕ್ಕಿದ್ದೆ. ಅದು ಬರೀ ತಮಾಷೆ ಆಗಿರಲಿಲ್ಲ ಅಂತ ಗೊತ್ತಾಗೋಕೆ ಇನ್ನೂ ಕೆಲವು ವರ್ಷ ಬೇಕಾಯಿತು.

ನಮ್ಮ ಮನೆಯಲ್ಲಿ ಅಕ್ಕನ ನಡಿಗೆ ಅಂದರೆ ಒಂದು ದೊಡ್ಡ ಕಥೆ. ಆ ಕಥೆಯ ನಾಯಕಿ ಅಮ್ಮ. ಮಗುವನ್ನು ಕಂಕುಳಲ್ಲಿ ಹೊತ್ತುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಬುತ್ತಿ ಬಿಚ್ಚಿ ತಿಂದು, ಅಳತೆ ಕೊಟ್ಟು ವಾಪಸ್ ಬರೋದು. ತಿಂಗಳಾದ ಮೇಲೆ ಮತ್ತೆ ಹೋಗಿ ಕ್ಯಾಲಿಪರ್ ತರೋದು. ಮಕ್ಕಳು ಬೆಳೀತಾರೆ, ಕಬ್ಬಿಣ ಬೆಳೆಯಲ್ಲ. ವರ್ಷ ಒಂದೂವರೆ ವರ್ಷಕ್ಕೆ ಅದು ಗಿಡ್ಡವಾಗುತ್ತಿತ್ತು, ಮತ್ತೆ ರೈಲು. ಮಧ್ಯೆ ತೊಡೆಯ ಚರ್ಮದ ಪಟ್ಟಿ ಕಿತ್ತುಹೋದರೆ ಬಸ್‌ಸ್ಟ್ಯಾಂಡ್ ಹತ್ತಿರದ ಚಪ್ಪಲಿ ಹೊಲಿಯುವ ತಾತನೇ ಡಾಕ್ಟರು. ಅಕ್ಕ ಎರಡೂ ಕಂಕುಳಿಗೆ ಊರುಗೋಲು ಕೊಟ್ಟು ಮೊದಲ ಸಲ ಬೀದಿಯ ತುದಿಯವರೆಗೆ ಹೋಗಿಬಂದ ದಿನ ಅಮ್ಮ ಓಣಿಗೆಲ್ಲ ಪಾಯಸ ಹಂಚಿದ್ದಳಂತೆ. 'ನನ್ನ ಮಗಳು ನಡೀತಾಳೆ' ಅನ್ನೋದು ಅಮ್ಮನ ಬಾಯಲ್ಲಿ ಒಂದು ಪದವಿಯ ಹೆಸರಿನ ಹಾಗೆ ಬರುತ್ತಿತ್ತು.

ನಡೆಯೋದರ ಖರ್ಚು ಎಷ್ಟು ಅಂತ ಮಾತ್ರ ಯಾರೂ ಕೇಳಲಿಲ್ಲ. ಕ್ಯಾಲಿಪರ್‌ನ ಸರಳು ಬೂಟಿನ ಹಿಮ್ಮಡಿಗೆ ಸೇರಿಕೊಂಡಿರುತ್ತೆ. ಬೂಟು ಬಿಚ್ಚಿದರೆ ನಿಲ್ಲೋಕಾಗಲ್ಲ, ಬಿಚ್ಚದಿದ್ದರೆ ದೇವಸ್ಥಾನದೊಳಗೆ ಹೋಗೋ ಹಾಗಿಲ್ಲ. ಹಾಗಾಗಿ ಅಕ್ಕನ ಪಾಲಿಗೆ ಮಂಗಳಾರತಿ ಯಾವಾಗಲೂ ಹೊರಗೆ, ಕಟ್ಟೆಯ ಮೇಲೆ ಬರುತ್ತಿತ್ತು. ಎರಡೂ ಕೈ ಊರುಗೋಲಿಗೆ ಹೋಗುತ್ತಿದ್ದರಿಂದ ಒಂದು ಲೋಟ ನೀರನ್ನೂ ಅಡುಗೆಮನೆಯಿಂದ ಹಾಲ್‌ಗೆ ತರೋಕಾಗುತ್ತಿರಲಿಲ್ಲ. ಹೆಣ್ಣು ನೋಡೋಕೆ ಬಂದವರ ಮುಂದೆ ಕಾಫಿ ಟ್ರೇ ಹಿಡಿದು ಬಂದವಳು ನಮ್ಮ ಚಿಕ್ಕಮ್ಮ. ಅಕ್ಕ ಮೊದಲೇ ಕುರ್ಚಿಯಲ್ಲಿ ಕೂತಿದ್ದಳು, ಸೀರೆಯ ನೆರಿಗೆ ಕಬ್ಬಿಣ ಮುಚ್ಚುವ ಹಾಗೆ. ಅವರು ಕಾಫಿ ಕುಡಿದು, ಊರಿಗೆ ಹೋಗಿ ಕಾಗದ ಬರೀತೀವಿ ಅಂದರು. ಅಂಥ ಕಾಗದಗಳು ಬರಲಿಲ್ಲ.

ಅಂಗವಿಕಲರಿಗೆ ಕೆಲಸದಲ್ಲಿ ಮೀಸಲಾತಿ ಕೊಟ್ಟ 1995ರ ಕಾಯ್ದೆ ಬಂದು ಮೂರು ವರ್ಷಕ್ಕೆ ಅಕ್ಕನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಮೊದಲು ಮಾಡಿದ ಕೆಲಸ ಸ್ಕೂಟರ್ ಕೊಂಡಿದ್ದು. ಹಿಂದಿನ ಚಕ್ರದ ಎರಡೂ ಪಕ್ಕ ಇನ್ನೆರಡು ಚಕ್ರ ಹಾಕಿಸಿಕೊಂಡು ಊರೆಲ್ಲ ತಿರುಗಿದಳು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದಳು. ನಾನು ಬೆಂಗಳೂರಿಗೆ ಬಂದೆ, ಸಾಫ್ಟ್‌ವೇರು, ಮದುವೆ, ಇಎಂಐ. ನಿಮಗೆಲ್ಲ ಗೊತ್ತಿರೋ ಕಥೆಯೇ.

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನ ಬಲಗೈಗೆ ಪ್ಲಾಸ್ಟರ್ ಇತ್ತು. 'ಬಚ್ಚಲಲ್ಲಿ ಜಾರ್ತು' ಅಂದಳು. ಆ ವರ್ಷ ಬಿದ್ದದ್ದು ಅದು ನಾಲ್ಕನೇ ಸಲ ಅಂತ ಹೇಳಿದ್ದು ಪಕ್ಕದ ಮನೆಯವರು. ಊರುಗೋಲು ಹಿಡಿದು ಹಿಡಿದು ಎರಡೂ ಭುಜ ನೋವು, ಬ್ಯಾಂಕಿನಿಂದ ಬಂದವಳು ಏಳು ಗಂಟೆಗೇ ಮಲಗ್ತಾಳೆ, ಇದ್ದ ಒಳ್ಳೆ ತೊಡೆಯೂ ಸೋಲ್ತಾ ಇದೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ದಿನಾ ಫೋನ್ ಮಾಡ್ತೀನಿ, 'ಹೂಂ ಚೆನ್ನಾಗಿದೀನಿ' ಅಂತಾಳೆ, ಮುಗೀತು.

ಬೆಂಗಳೂರಿಗೆ ಕರೆದುಕೊಂಡು ಬಂದು ಪುನರ್ವಸತಿ ವೈದ್ಯರೊಬ್ಬರಿಗೆ ತೋರಿಸಿದೆವು. ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂದರು. ಪೋಲಿಯೋ ಬಂದು ದಶಕಗಳಾದ ಮೇಲೆ ಕೆಲವರಲ್ಲಿ ಕಾಣಿಸಿಕೊಳ್ಳುವ ಹೊಸ ನಿಶ್ಶಕ್ತಿ. ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿವೆ. ವೈರಸ್ ಅವುಗಳಲ್ಲಿ ಒಂದಷ್ಟನ್ನು ಕೊಂದುಹಾಕುತ್ತೆ. ಉಳಿದ ಕೋಶಗಳು ಹೊಸ ಕವಲೊಡೆದು, ಅನಾಥವಾದ ಸ್ನಾಯು ಎಳೆಗಳನ್ನೂ ಸಾಕಲು ಶುರು ಮಾಡುತ್ತವೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕಂದರೆ, ಟೀಮಿನಲ್ಲಿ ನಾಲ್ಕು ಜನ ಬಿಟ್ಟುಹೋದರು, ಯಾರನ್ನೂ ಹೊಸದಾಗಿ ತಗೊಳ್ಳಲಿಲ್ಲ, ಉಳಿದ ಒಬ್ಬನೇ ಐದು ಜನರ ಕೆಲಸವನ್ನು 40 ವರ್ಷ ಎಳೆದ. ಈಗ ಅವನೂ ಸೋತಿದ್ದಾನೆ. ಆ ಸ್ಥಿತಿಯಲ್ಲಿ 'ಇನ್ನೂ ಸ್ವಲ್ಪ ಟ್ರೈ ಮಾಡು' ಅನ್ನೋದು ಉಪಕಾರವಲ್ಲ. ಇರೋ ಶಕ್ತಿಯನ್ನು ಉಳಿಸಿ ಖರ್ಚು ಮಾಡಬೇಕು. ಕೊನೆಗೆ ಡಾಕ್ಟರು ಮೆತ್ತಗೆ ಹೇಳಿದರು: 'ಹೊರಗಡೆ ಓಡಾಡೋಕೆ, ಆಫೀಸಿಗೆ, ವ್ಹೀಲ್‌ಚೇರ್ ಶುರು ಮಾಡೋಣ.'

ನಾನು ಕೇಳಿದ ಮೊದಲ ಪ್ರಶ್ನೆ, 'ಬೇರೆ ದಾರಿ ಇಲ್ವಾ ಡಾಕ್ಟ್ರೇ?'

ಅಕ್ಕ ಕೇಳಿದ ಮೊದಲ ಪ್ರಶ್ನೆ, 'ಎಷ್ಟು ದಿನಕ್ಕೆ ಸಿಗತ್ತೆ?'

ಇಬ್ಬರ ಪ್ರಶ್ನೆಗಳ ನಡುವಿನ ಅಂತರ ಆಗ ನನಗೆ ಕಾಣಲಿಲ್ಲ. ಅವತ್ತು ರಾತ್ರಿ ಎರಡು ಗಂಟೆವರೆಗೆ ಯೂಟ್ಯೂಬ್ ನೋಡಿದೆ. ಸೊಂಟಕ್ಕೂ ಕಾಲಿಗೂ ಮೋಟರ್ ಇರೋ ಚೌಕಟ್ಟು ಕಟ್ಟಿಕೊಂಡು ನಡೆಯೋ ಜನ, ಹಿನ್ನೆಲೆಯಲ್ಲಿ ಪಿಯಾನೋ, ಸುತ್ತ ನಿಂತವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ಲಿಂಕನ್ನು ಅಕ್ಕನಿಗೆ ಕಳಿಸಿದೆ, ಸಾಲ ಮಾಡಿಯಾದರೂ ತರಿಸೋಣ ಅಂದೆ. ಬೆಳಗ್ಗೆ ಉತ್ತರ ಬಂದಿತ್ತು: 'ಇದು ಹಾಕ್ಕೊಂಡು ಬಚ್ಚಲಿಗೆ ಹೋಗ್ಬಹುದಾ? ತರಕಾರಿ ತರಬಹುದಾ?' ಅದರ ಕೆಳಗೆ ಇನ್ನೊಂದು ಸಾಲು: 'ನಂಗೆ ನಡೆಯೋದು ಬೇಕಿಲ್ಲ ಕಣೋ ಪುಟ್ಟ. ಹೋಗೋದು ಬೇಕು.'

ಸರಿ, ವ್ಹೀಲ್‌ಚೇರೇ ಆಗಲಿ ಅಂತ ನಮ್ಮ ಪೀಳಿಗೆ ಮಾಡೋದನ್ನೇ ಮಾಡಿದೆ. ಫೋನ್ ತೆಗೆದೆ, ಜಾಸ್ತಿ ಸ್ಟಾರ್ ಇದ್ದದ್ದನ್ನು ಒತ್ತಿದೆ, ಮೂರನೇ ದಿನಕ್ಕೆ ಮನೆಗೆ ಬಂತು. ಫಳಫಳ ಹೊಳೆಯುವ, 18 ಇಂಚು ಅಗಲದ ಸೀಟಿನ, 18 ಕಿಲೋ ತೂಕದ ಕುರ್ಚಿ. ಅಕ್ಕ ಅದರಲ್ಲಿ ಕೂತರೆ ಮಾವನ ಅಂಗಿ ಹಾಕಿಕೊಂಡ ಮಗುವಿನ ಹಾಗೆ. ಒಂದು ಪಕ್ಕಕ್ಕೆ ವಾಲುತ್ತಿದ್ದಳು. ಚಕ್ರ ಮುಟ್ಟಬೇಕಾದರೆ ಎರಡೂ ತೋಳನ್ನು ರೆಕ್ಕೆಯ ಹಾಗೆ ಅಗಲಿಸಬೇಕು. ಹತ್ತು ನಿಮಿಷಕ್ಕೆ ಭುಜ ಹಿಡಿಯಿತು. ಭುಜ ಉಳಿಸೋಕೆ ಅಂತ ತಂದದ್ದು!

ಡಾಕ್ಟರು ಬೈಯಲಿಲ್ಲ. ಒಂದು ಪುನರ್ವಸತಿ ಕೇಂದ್ರದ ವಿಳಾಸ ಬರೆದುಕೊಟ್ಟರು.

ನಿಜ ಹೇಳ್ತೀನಿ, ಅಲ್ಲಿ ಕಳೆದ ಆ ಒಂದು ದಿನ ನನಗೆ ಕಾಲೇಜಿನ ನಾಲ್ಕು ವರ್ಷಕ್ಕಿಂತ ಜಾಸ್ತಿ ಕಲಿಸಿತು. ಒಂದು ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ವಾಸನೆ, ಇನ್ನೊಂದು ಕಡೆ ಪ್ಲಾಸ್ಟಿಕ್ ಹಾಳೆಯನ್ನು ಒಲೆಯಲ್ಲಿ ಮೆತ್ತಗೆ ಮಾಡಿ ಕಾಲಿನ ಅಚ್ಚಿನ ಮೇಲೆ ಎಳೆಯುವ ಕೆಲಸ. ಹಳೇ ಕಬ್ಬಿಣ, ಚರ್ಮದ ಜಾಗಕ್ಕೆ ಈಗ ಹಗುರ ಪ್ಲಾಸ್ಟಿಕ್ ಬಂದಿದೆ. ಇದನ್ನು ಬರಿಗಾಲಿಗೆ ಕಟ್ಟಿಕೊಂಡು ಮೇಲೆ ಅದಕ್ಕೆ ಹೊಂದುವ ಚಪ್ಪಲಿ ಹಾಕಬಹುದು, ಬೇಕಾದಾಗ ಬಿಚ್ಚಬಹುದು. ಕ್ಯಾಲಿಪರ್‌ನಂಥವನ್ನು ಆರ್ಥೋಸಿಸ್ ಅಂತಾರೆ, ಇರುವ ಅಂಗಕ್ಕೆ ಆಸರೆ ಕೊಡೋದು. ಇಲ್ಲದ ಅಂಗದ ಜಾಗಕ್ಕೆ ಬರೋದು ಪ್ರಾಸ್ಥೆಸಿಸ್. ಜನ ಎರಡನ್ನೂ 'ಕೃತಕ ಕಾಲು' ಅಂದುಬಿಡುತ್ತಾರೆ. ಅಕ್ಕ ಯಾವತ್ತೂ ತಿದ್ದುತ್ತಿದ್ದಳು: 'ಕಾಲು ನಂದೇ. ಕಬ್ಬಿಣ ಮಾತ್ರ ಹೊರಗಿಂದು.'

ನಮ್ಮ ಪಕ್ಕ ಮಂಡ್ಯ ಕಡೆಯ ಒಬ್ಬ ಯಜಮಾನರು ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಮಂಡಿಯ ಕೆಳಗೆ ಒಂದು ಕಾಲು ಹೋಗಿತ್ತು. ಜೈಪುರ ಕಾಲಿನ ಟ್ರಯಲ್‌ಗೆ ಬಂದಿದ್ದರು. 1968ರ ಸುಮಾರಿಗೆ ಜೈಪುರದಲ್ಲಿ ಡಾ. ಪಿ.ಕೆ. ಸೇಥಿ ಮತ್ತು ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಮಾಡಿದ ಪಾದ ಅದು. ಅದಕ್ಕೂ ಮುಂಚೆ ಇದ್ದ ವಿದೇಶಿ ಪಾದಕ್ಕೆ ಬೂಟು ಬೇಕೇ ಬೇಕು, ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರೋಕೆ, ಚಕ್ಕಳಮಕ್ಕಳ ಹಾಕೋಕೆ ಆಗುತ್ತಿರಲಿಲ್ಲ. ನಮ್ಮ ರೈತ ಅದನ್ನು ಮೂಲೆಗಿಟ್ಟು ಕೋಲು ಹಿಡಿಯುತ್ತಿದ್ದ. ಇವರಿಬ್ಬರೂ ರಬ್ಬರನ್ನು ಅಚ್ಚಿನಲ್ಲಿ ಬೇಯಿಸಿ, ಕಣಕಾಲಲ್ಲಿ ಎಲ್ಲಾ ದಿಕ್ಕಿಗೂ ಬಾಗುವ, ನೀರಿಗೂ ಕೆಸರಿಗೂ ಬಗ್ಗದ, ಬರಿಗಾಲಿನಂತೆಯೇ ಕಾಣುವ ಪಾದ ಮಾಡಿದರು. ಆ ಯಜಮಾನರು ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಆಮೇಲೆ ಯಾರೂ ಹೇಳದೆಯೇ ಕುಕ್ಕರಗಾಲಲ್ಲಿ ಕೂರೋಕೆ ನೋಡಿದರು. 'ಗದ್ದೆ ಬದೀಲಿ ಇಂಗ್ ಕೂತ್ಕಬೇಕು ಕಣಪ್ಪ, ಅಷ್ಟೇಯ' ಅಂದರು.

ಅವರಾಚೆ ನಮ್ಮ ಕಡೆಯವನೇ ಒಬ್ಬ ಹುಡುಗ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಪೋಲಿಯೋದಲ್ಲಿ ಬಲ ಹೋಗುತ್ತೆ, ಸ್ಪರ್ಶ ಉಳಿಯುತ್ತೆ. ಒತ್ತಿದರೆ ಅಕ್ಕನಿಗೆ ನೋವು ಗೊತ್ತಾಗುತ್ತೆ. ಅವನಿಗೆ ಗೊತ್ತಾಗಲ್ಲ. ಅದಕ್ಕೇ ಅವನ ಕುರ್ಚಿಯ ಮುಖ್ಯ ಭಾಗ ಚಕ್ರ ಅಲ್ಲ, ದಿಂಬು. ಕಾಲು ಗಂಟೆ ಅರ್ಧ ಗಂಟೆಗೊಮ್ಮೆ ಮುಂದಕ್ಕೆ, ಪಕ್ಕಕ್ಕೆ ಬಾಗಿ ಒತ್ತಡ ಇಳಿಸೋದನ್ನು ಥೆರಪಿಸ್ಟ್ ಹೇಳಿಕೊಡುತ್ತಿದ್ದರು. ಮರೆತರೆ ಒತ್ತಡದ ಹುಣ್ಣಾಗುತ್ತೆ, ಅದು ನಂಜಾದರೆ ಪ್ರಾಣಕ್ಕೇ ಬರುತ್ತೆ. ನಾನು ತರಿಸಿದಂಥ ಕುರ್ಚಿಯನ್ನು ಆ ಹುಡುಗನಿಗೆ ಯಾರಾದರೂ ಸಮಾರಂಭದಲ್ಲಿ ಹಾರ ಹಾಕಿ ದಾನ ಕೊಟ್ಟಿದ್ದರೆ? ಬೆವರಿಬಿಟ್ಟೆ.

ನಮ್ಮ ಸರದಿ ಬಂತು. ಥೆರಪಿಸ್ಟ್ ಹುಡುಗಿ ಟೇಪು ತೆಗೆಯುವ ಮುಂಚೆ ಅರ್ಧ ಗಂಟೆ ಬರೀ ಮಾತಾಡಿದಳು. 'ಮೇಡಂ, ಬೆಳಗ್ಗೆ ಎದ್ದಾಗಿಂದ ಹೇಳಿ. ಬಚ್ಚಲ ಬಾಗಿಲು ಎಷ್ಟು ಅಗಲ? ಬ್ಯಾಂಕಲ್ಲಿ ಕೌಂಟರ್ ಎಷ್ಟು ಎತ್ತರ? ಕುರ್ಚಿ ಮಡಚಿ ಎತ್ತಿಡೋರು ಯಾರು? ನಿಮಗೆ ಎಲ್ಲಿಗೆ ಹೋಗೋಕೆ ಇಷ್ಟ?' ನಾನು ಈ ನಾಲ್ಕರಲ್ಲಿ ಒಂದನ್ನೂ ಅಕ್ಕನಿಗೆ ಕೇಳಿರಲಿಲ್ಲ. ಆಮೇಲೆ ಅಳತೆ: ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿ, ಬೆನ್ನಿನ ಎತ್ತರ. 15 ಇಂಚಿನ ಸೀಟು. ಹಿಂದಿನ ಚಕ್ರ ಸ್ವಲ್ಪ ಮುಂದಕ್ಕೆ, ಭುಜದ ನೇರಕ್ಕೆ ಬರುವ ಹಾಗೆ. ಆಗ ತಳ್ಳೋಕೆ ಬಲ ಕಮ್ಮಿ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ವ್ಹೀಲ್‌ಚೇರ್ ಬಗ್ಗೆ ಒಂದು ಮಾರ್ಗಸೂಚಿ ತಂದಿದೆ. ಕುರ್ಚಿ ಕೊಡೋದಕ್ಕೆ ಅದರಲ್ಲಿ ಎಂಟು ಹಂತ: ಹೆಸರು ನೋಂದಾಯಿಸೋದು, ಪರೀಕ್ಷೆ, ಯಾವ ಕುರ್ಚಿ ಅಂತ ಬರೆಯೋದು, ದುಡ್ಡು ಹೊಂದಿಸಿ ಆರ್ಡರ್ ಮಾಡೋದು, ಕುರ್ಚಿ ಸಿದ್ಧ ಮಾಡೋದು, ಕೂರಿಸಿ ಹೊಂದಿಸೋದು, ತರಬೇತಿ, ಆಮೇಲಿನ ರಿಪೇರಿ ಮತ್ತು ವಿಚಾರಣೆ. ಎಂಟರಲ್ಲಿ ನಾನು ಮಾಡಿದ್ದು ಒಂದು. ದುಡ್ಡು ಕೊಟ್ಟಿದ್ದೆ.

ಆಸ್ಪತ್ರೆಗಳಲ್ಲಿ ನಾವು ನೋಡುವ ಮಡಚುವ ಕುರ್ಚಿಯ ಮೂಲವೂ ಒಬ್ಬ ಮನುಷ್ಯನ 'ಎಲ್ಲಿಗೆ ಹೋಗಬೇಕು' ಅನ್ನುವ ಪ್ರಶ್ನೆಯೇ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಇಂಜಿನಿಯರು. ಆಗಿನ ಕುರ್ಚಿಗಳು ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. 1930ರ ದಶಕದಲ್ಲಿ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ, ಉಕ್ಕಿನ ಕೊಳವೆಗಳನ್ನು ಕತ್ತರಿಯಂತೆ ಜೋಡಿಸಿ ಮಡಚುವ ಕುರ್ಚಿ ಮಾಡಿದ. ಕೂರುವವನಿಗೆ ಏನು ಬೇಕು ಅಂತ ಕೂರುವವನೇ ಹೇಳಿದ್ದರಿಂದ ಅದು ಹುಟ್ಟಿತು.

ಕುರ್ಚಿ ತಯಾರಾಗುವಷ್ಟರಲ್ಲಿ ಮನೆ ತಯಾರಾಗಬೇಕಿತ್ತು. ನಮ್ಮ ಬಾಗಿಲ ಮುಂದೆ ಎರಡು ಮೆಟ್ಟಿಲು, ಒಟ್ಟು 12 ಇಂಚು. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು ಅನ್ನೋದು ರ‍್ಯಾಂಪಿನ ಲೆಕ್ಕ. ಅಂದರೆ 12 ಅಡಿ. ಗಾರೆ ಮೇಸ್ತ್ರಿ ನಕ್ಕ. 'ನಾಕಡಿ ಸಾಕು ಬಿಡಿ ಸಾರ್, ಬೈಕು ಹತ್ತತ್ತೆ.' ಬೈಕಿಗೆ ಇಂಜಿನ್ ಇರುತ್ತೆ, ಅಕ್ಕನಿಗೆ ಇರೋದು ಎರಡು ಭುಜ ಅಂತ ಒಪ್ಪಿಸೋಕೆ ಒಂದು ಮಧ್ಯಾಹ್ನ ಹಿಡಿಯಿತು. ದಾರಿಯಲ್ಲಿ ತುಳಸಿಕಟ್ಟೆ ಇತ್ತು. ಅದನ್ನು ಮುಟ್ಟದೆ ಎಡಕ್ಕೆ ತಿರುಗಿಸಿ ಕಟ್ಟಿದೆವು. ಮುಂಬಾಗಿಲ ಹೊಸಿಲಿಗೆ ಅಮ್ಮ ದಿನಾ ಅರಿಶಿನ ಕುಂಕುಮ ಇಡುತ್ತಾಳೆ, ಅದನ್ನು ಕೀಳೋ ಮಾತೇ ಇಲ್ಲ; ಎರಡೂ ಪಕ್ಕ ಇಳಿಜಾರಿನ ಮರದ ತುಂಡು ಇಟ್ಟೆವು.

ಅಮ್ಮ ಇದಷ್ಟನ್ನೂ ಸುಮ್ಮನೆ ನೋಡುತ್ತಿದ್ದಳು. ಕುರ್ಚಿ ಮನೆಗೆ ಬಂದ ದಿನ ಮಾತು ಹೊರಗೆ ಬಂತು. 'ಇವಳನ್ನ ಎಷ್ಟು ಸಲ ಬೆಂಗಳೂರಿಗೆ ಹೊತ್ಕೊಂಡು ಹೋಗಿದೀನಿ ಗೊತ್ತೇನೋ ನಿಂಗೆ? ನಿಲ್ಲಿಸೋಕೆ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಒಂದೇ ದಿನಕ್ಕೆ ಕೂರಿಸಿಬಿಟ್ರಲ್ಲೋ.'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನೇ ಹೇಳಿದಳು, 'ನೀನು ಹೊತ್ತಿದ್ದಕ್ಕೇ ಅಮ್ಮ ನಾನು ಇಷ್ಟು ದೂರ ಬಂದಿದ್ದು. ಇಲ್ಲಿಂದ ಮುಂದಕ್ಕೆ ಇದು ಹೊರಲಿ ಬಿಡು.'

ಅಮ್ಮ ಒಳಗೆ ಹೋದಳು. ಅವತ್ತಿನಿಂದ ಯಾರಾದರೂ ನೆಂಟರು ಬಂದರೆ ಕುರ್ಚಿಯ ಮೇಲೆ ಒಂದು ಹಳೇ ಬೆಡ್‌ಶೀಟ್ ಬೀಳುತ್ತಿತ್ತು. ರಸ್ತೆಯಲ್ಲಿ ನಾಲ್ಕು ಚಕ್ರದ ಸ್ಕೂಟರ್ ಓಡಿಸಿದಾಗ ಹೆಮ್ಮೆಪಟ್ಟ ಅದೇ ಅಮ್ಮ, ಮನೆಯೊಳಗಿನ ನಾಲ್ಕು ಚಕ್ರವನ್ನು ಮುಚ್ಚಿಡುತ್ತಿದ್ದಳು. ಬೈಯೋಣ ಅಂದುಕೊಂಡೆ, ಆಗಲಿಲ್ಲ. ಬೇರೆ ದಾರಿ ಇಲ್ವಾ ಅಂತ ಡಾಕ್ಟರನ್ನು ಕೇಳಿದ ನಾನೂ ಹೊದಿಸಿದ್ದು ಅದೇ ಬೆಡ್‌ಶೀಟನ್ನಲ್ಲವಾ?

ಅಕ್ಕ ಕ್ಯಾಲಿಪರ್ ಬಿಟ್ಟಿಲ್ಲ. ಹೊಸ ಪ್ಲಾಸ್ಟಿಕ್‌ನದು ಬಂದಿದೆ; ಮಂಚದಿಂದ ಏಳೋಕೆ, ಸ್ಕೂಟರ್ ಹತ್ತೋಕೆ, ಬಚ್ಚಲಲ್ಲಿ ನಾಲ್ಕು ಹೆಜ್ಜೆಗೆ ಅದೇ ಬೇಕು. ಉಳಿದದ್ದಕ್ಕೆಲ್ಲ ಕುರ್ಚಿ. ಸಂಜೆ ಏಳಕ್ಕೆ ಮಲಗುತ್ತಿದ್ದವಳು ಈಗ ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿ ಬ್ಯಾಂಕಿನ ಪುರಾಣ ಹೇಳುತ್ತಾಳೆ.

ಯುಗಾದಿಗೆ ಹೋಗಿದ್ದೆ. ಬೆಳಗ್ಗೆ ಅದೇ ಟಕ್, ಟಕ್ ಕೇಳಿ ಎಚ್ಚರವಾಯಿತು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸದ್ದು, ರೆಡ್‌ಆಕ್ಸೈಡ್ ನೆಲದ ಮೇಲೆ ರಬ್ಬರ್ ಚಕ್ರ ಉರುಳುವುದು. ಅಮ್ಮ ಹಾಲ್‌ನಲ್ಲಿ ಮಾವಿನ ತೋರಣ ಕಟ್ಟುತ್ತಾ ಕೂತಿದ್ದಳು. ಅಡುಗೆಮನೆಯಿಂದ ಅಕ್ಕ ಬಂದಳು. ತೊಡೆಯ ಮೇಲೆ ಒಂದು ಮರದ ಮಣೆ, ಅದರ ಮೇಲೆ ಸ್ಟೀಲಿನ ಮೂರು ಲೋಟ. ಹೊಸಿಲ ಹತ್ತಿರ ನಿಧಾನ ಮಾಡಿ, ಇಳಿಜಾರು ದಾಟಿ, ಒಂದು ತೊಟ್ಟೂ ಚೆಲ್ಲದೆ ಅಮ್ಮನ ಮುಂದೆ ಬಂದು ನಿಂತಳು.

45 ವರ್ಷದಲ್ಲಿ ಅಕ್ಕ ಯಾರಿಗಾದರೂ ಕಾಫಿ ತಂದುಕೊಟ್ಟದ್ದು ಅದೇ ಮೊದಲು.

ಅಮ್ಮ ಲೋಟ ತಗೊಂಡಳು. ಒಂದು ಗುಟುಕು ಕುಡಿದು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, 'ಸಕ್ಕರೆ ಕಮ್ಮಿ ಆಯ್ತು ಕಣೇ.'

'ಇರು, ತರ್ತೀನಿ' ಅಂತ ಅಕ್ಕ ಕುರ್ಚಿ ತಿರುಗಿಸಿದಳು.